ಮೊಣ್ಣಪ್ಪ ಭಾವನ ಕೊನೇ ಪೋಸ್ಟಿಂಗ್

ನನ್ನ ಭಾವ ಮೊಣ್ಣಪ್ಪನವರು ಮೂವತ್ತು ವರ್ಷ ಮಿಲಿಟರಿಯಲ್ಲಿದ್ದರು. ಒಬ್ಬ ಶತ್ರುವನ್ನೂ ಕಣ್ಣಾರೆ ಕಂಡವರಲ್ಲ. ಇದು ನಾನು ಕಟ್ಟಿ ಹೇಳುವ ಮಾತಲ್ಲ, ಅವರೇ ಹೇಳುವುದು. ಅವರಿದ್ದದ್ದು ಸಪ್ಲೈಯಲ್ಲಿ. ಅಂದರೆ ಬಂದೂಕು ಹಿಡಿದು ನಿಂತವನ ಹೊಟ್ಟೆಗೆ ಅಕ್ಕಿ, ಬೇಳೆ, ಮೊಟ್ಟೆ ತಲುಪಿಸುವ ಕೆಲಸ. ಚೇರಂಬಾಣೆಯ ಹೋಟೆಲಿನಲ್ಲಿ ಯಾರಾದರೂ "ಕ್ಯಾಪ್ಟನ್ನರೇ, ಎಷ್ಟು ಜನರನ್ನು ಹೊಡೆದಿರಿ?" ಅಂತ ಕೇಳಿದರೆ, "ಜನರನ್ನು ಹೊಡೆದಿಲ್ಲ ಮಾರಾಯ, ಮೊಟ್ಟೆ ಒಡೆದಿದ್ದೇನೆ. ಲೆಕ್ಕ ಬೇಕಾದರೆ ದೆಹಲಿಗೆ ಬರೆದು ಕೇಳು" ಅನ್ನುತ್ತಾರೆ. ಕೇಳಿದವರು ಹಲ್ಲು ಬಿಡುತ್ತಾರೆ. ನನಗೆ ಸಿಟ್ಟು ಬರುತ್ತದೆ. ಹಿಮದ ಗುಡ್ಡದ ಮೇಲೆ ಮೊಟ್ಟೆ ಸಾಗಿಸುವುದು ಅಂದರೆ ತಮಾಷೆಯಾ? ಇಲ್ಲಿಂದ ಮಡಿಕೇರಿಗೆ ನನ್ನ ಜೀಪಿನಲ್ಲಿ ಒಂದು ಟ್ರೇ ಮೊಟ್ಟೆ ಮಡಿಲಲ್ಲಿಟ್ಟುಕೊಂಡು ಹೋಗಿ ನೋಡಲಿ. ಭಾಗಮಂಡಲ ರಸ್ತೆ ಹೇಳಿಕೊಡುತ್ತದೆ.

ನಾನು ಅವರ ಹೆಂಡತಿ ನೀಲಾವತಿಯ ತಮ್ಮ, ದೇರಪ್ಪ. ಬಾಡಿಗೆ ಜೀಪು ಓಡಿಸುತ್ತೇನೆ. ನನ್ನ ಮನೆಗೂ ಅವರ ಕಾಫಿ ತೋಟಕ್ಕೂ ನಡುವೆ ಒಂದು ತೋಡು, ಸಣ್ಣ ಹಳ್ಳ, ಮಾತ್ರ. ಆ ಮನೆಯಲ್ಲಿ ಪಾತ್ರೆ ಬಿದ್ದರೂ ನನಗೆ ಕೇಳುತ್ತದೆ. ಈಚೆಗೆ ತುಂಬಾ ಬೀಳುತ್ತಿತ್ತು.

ಭಾವ ಮದುವೆಯಾದದ್ದೇ ರಜೆಯಲ್ಲಿ. ಅಕ್ಕನ ಕೈಯ ಮದರಂಗಿ ಮಾಸುವ ಮೊದಲೇ ವಾಪಸು ಕರೆ ಬಂತು, ಟ್ರಂಕು ಹೊತ್ತು ನಡೆದರು. ಆಮೇಲಿನ ಸಂಸಾರವೂ ರಜೆಯಲ್ಲೇ ನಡೆದದ್ದು. ವರ್ಷಕ್ಕೊಂದು ಸಲ, ಹೆಚ್ಚಾಗಿ ಕೈಲ್ ಮುಹೂರ್ತ ಹಬ್ಬದ ಹೊತ್ತಿಗೆ ಬರುವರು. ಅವರು ಬಂದರೆ ಆ ಮನೆಗೆ ನೆಂಟರು ಬಂದ ಹಾಗೆ. ಅಕ್ಕ ಹಂದಿಯಲ್ಲಿ ಒಳ್ಳೆ ಭಾಗ ಆರಿಸಿ ಅವರ ತಟ್ಟೆಗೆ ಹಾಕುವಳು. ಮೆತ್ತನೆ ತಲೆದಿಂಬು ಅವರಿಗೆ. ಮಗಳು ಮೋಕ್ಷಿತಾ ಮೂರು ವರ್ಷದವಳಿದ್ದಾಗ ಒಮ್ಮೆ ಹಾಗೆ ಬಂದಿಳಿದರು. ಮಗು ನನ್ನ ಕುತ್ತಿಗೆ ಹಿಡಿದುಕೊಂಡು, "ಮಾವ, ಇವರು ಯಾವಾಗ ಹೋಗುವುದು?" ಅಂತ ಕೇಳಿತು. ಭಾವ ನಕ್ಕರು. ಆ ದಿನವಿಡೀ ಅದನ್ನು ಹೆಗಲ ಮೇಲಿಂದ ಇಳಿಸಲಿಲ್ಲ. ಹೋಗುವ ಹೊತ್ತಿಗೆ ಮಗು ಅವರ ಬೂಟಿನ ಲೇಸು ಬಿಚ್ಚಿ ಬಚ್ಚಿಟ್ಟಿತ್ತು. ಲೇಸಿಲ್ಲದ ಬೂಟಿನಲ್ಲೇ ಮೈಸೂರಿನವರೆಗೆ ಹೋದರಂತೆ.

ಅವರು ಅತ್ತ ಇದ್ದಾಗ ಇತ್ತ ತೋಟ ಮಾಡಿದವಳು ಅಕ್ಕ. ಅತ್ತೆ ಮಾವನನ್ನು ನೋಡಿಕೊಂಡದ್ದು, ಸಿಲ್ವರ್ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದ್ದು, ಆನೆ ಬಂದರೆ ತಗಡು ಬಡಿದದ್ದು, ತೂಕದಲ್ಲಿ ಮೋಸ ಮಾಡಿದ ವ್ಯಾಪಾರಿಯನ್ನು ಅಂಗಳದಿಂದ ಓಡಿಸಿದ್ದು, ಎಲ್ಲ ಅವಳೇ. ಆ ವ್ಯಾಪಾರಿಗೆ ಎರಡು ಬಿಡಬೇಕು ಅಂತ ನಾನು ಹೊರಟಿದ್ದೆ. "ನೀನು ಸುಮ್ಮನಿರು ದೇರಪ್ಪ, ನಿನ್ನನ್ನು ಠಾಣೆಯಿಂದ ಬಿಡಿಸುವುದಕ್ಕೆ ನನಗೆ ಪುರುಸೊತ್ತಿಲ್ಲ" ಅಂದಳು.

ಭಾವ ಮೇಲೇರಿ ಸುಬೇದಾರ್ ಆದರು. ನಿವೃತ್ತಿಯ ಹೊತ್ತಿಗೆ ಸರ್ಕಾರ ಆನರರಿ ಕ್ಯಾಪ್ಟನ್ ಅಂತ ಗೌರವ ಕೊಟ್ಟಿತು. ಊರಿನ ಶಾಲೆಯಲ್ಲಿ ಬಾವುಟ ಹಾರಿಸಲು ಕರೆದರು. ಮೈಕ್ ಹಿಡಿದ ಪುಣ್ಯಾತ್ಮ, "ಈಗ ನಮ್ಮ ಅನಾರಿ ಕ್ಯಾಪ್ಟನ್ ಮೊಣ್ಣಪ್ಪನವರು" ಅಂತ ಮೂರು ಸಲ ಕೂಗಿದ. ಗೇಟಿನ ಹೊರಗೆ ನಿಂತಿದ್ದ ಹಿಂದಿ ಕೆಲಸಗಾರರು ಬಾಯಿಗೆ ಟವೆಲ್ ಇಟ್ಟುಕೊಂಡು ನಗುತ್ತಿದ್ದರು. ಜೀಪಿನಲ್ಲಿ ಬರುವಾಗ ಯಾಕೆ ನಕ್ಕರು ಅಂತ ಕೇಳಿದೆ.

"ಹಿಂದಿಯಲ್ಲಿ ಅನಾರಿ ಅಂದರೆ ಏನೂ ಬಾರದ ಪೆದ್ದ ಅಂತ."

ನಾನು ಜೀಪು ತಿರುಗಿಸಲು ನೋಡಿದೆ. ಭಾವ ಸ್ಟೇರಿಂಗ್ ಹಿಡಿದರು. "ಬಿಡು ಮಾರಾಯ. ಮನೆಗೆ ಹೋದರೆ ನಿನ್ನ ಅಕ್ಕನೂ ಅದನ್ನೇ ಹೇಳುವುದು. ಅವಳಿಗೆ ಮೈಕ್ ಇಲ್ಲ, ಅಷ್ಟೇ."

ಮಾತು ಸುಳ್ಳಲ್ಲ. ಬಂದ ಮೊದಲ ತಿಂಗಳು ಅವರು ನೆಂಟರಾಗಿಯೇ ಇದ್ದರು. ಎರಡನೇ ತಿಂಗಳು ಅಕ್ಕ ತಟ್ಟೆ ಎತ್ತಿಡಲು ಹೇಳಿದಳು. ಮೂರನೇ ತಿಂಗಳು ಭಾವನಿಗೆ ಕೈ ತುರಿಸಿತು. ಸುಣ್ಣದ ಡಬ್ಬಿ ತಂದರು. ತೋಟದ ದಾರಿಯ ಎರಡೂ ಬದಿ ಕಲ್ಲು ಜೋಡಿಸಿ ಬಿಳಿ ಬಳಿದರು. ಆಮೇಲೆ ಮರದ ಬುಡಕ್ಕೆ ಬಳಿದರು. ನಾಯಿಮನೆಗೆ ಬಳಿದರು. ಅಲ್ಲಾಡದೆ ಇರುವುದೆಲ್ಲ ಬಿಳಿಯಾಯಿತು. ಅಕ್ಕನ ತೋಟದಲ್ಲಿ ಜಾಗಗಳಿಗೆ ಅದರದ್ದೇ ಹೆಸರು: ಹಲಸಿನ ಮೂಲೆ, ಹೊಳೆ ಬದಿ, ಅಜ್ಜಿ ಜಾರಿದ ಬರೆ. ಬರೆ ಅಂದರೆ ಕಡಿದಾದ ಇಳಿಜಾರು. ಭಾವ ಅವಕ್ಕೆ ಆಲ್ಫಾ, ಬ್ರಾವೋ, ಚಾರ್ಲಿ ಅಂತ ಬೋರ್ಡು ಹೊಡೆದರು. ಗೊಬ್ಬರ ತಂದ ಲಾರಿಯವನು ಫೋನ್ ಮಾಡಿ ಎಲ್ಲಿ ಇಳಿಸಬೇಕು ಅಂತ ಕೇಳಿದರೆ ಅಕ್ಕ "ಅಜ್ಜಿ ಜಾರಿದ ಬರೆ" ಅಂದಳು, ಭಾವ "ಚಾರ್ಲಿ" ಅಂದರು. ಅವನು ತಲೆ ಕೆಟ್ಟು ನನ್ನ ಮನೆ ಮುಂದೆ ಇಳಿಸಿ ಹೋದ. ಬೈದುಕೊಂಡು ಹೊತ್ತದ್ದು ನಾನು.

ಹೀಗಿರುವಾಗ ಪಿಕ್ಕಿಂಗ್, ಅಂದರೆ ಕಾಫಿ ಹಣ್ಣು ಕೊಯ್ಯುವ ಕಾಲ, ಬಂತು. ಮೊದಲೆಲ್ಲ ಅಕ್ಕನ ತೋಟಕ್ಕೆ ಸುತ್ತಿನ ಆಳುಗಳೇ ಬರುತ್ತಿದ್ದರು. ಈಗ ಅವರೆಲ್ಲ ಬೇರೆ ಬೇರೆ ಕೆಲಸ ಹಿಡಿದಿದ್ದಾರೆ. ಈ ವರ್ಷ ಮೊದಲ ಸಲ ಅಸ್ಸಾಮಿನವರ ಒಂದು ಗುಂಪು ಬಂದು ತೋಟದ ಕೆಳಗಿನ, ಆಳುಗಳಿಗೆಂದೇ ಸಾಲಾಗಿ ಕಟ್ಟಿದ ಲೈನ್‌ಮನೆಯಲ್ಲಿ ಉಳಿಯಿತು. ಗಂಡಸರು ಹೆಂಗಸರು ಸೇರಿ ಹದಿನೈದು ಜನರಿರಬಹುದು. ಅವರ ಮೇಸ್ತ್ರಿ ನಿರಂಜನ್ ಅಂತ. ಸಣ್ಣ ಆಳು, ತೂಕದ ಮಾತು. ಅವನಿಗೆ ಬರುತ್ತಿದ್ದ ಕನ್ನಡ ನಾಲ್ಕು: ನಾಳೆ, ಜಾಸ್ತಿ, ಕಮ್ಮಿ, ಸಾಕು. ಅಷ್ಟರಲ್ಲೇ ಅಕ್ಕನ ಜೊತೆ ಅವನ ವ್ಯವಹಾರ ಸಲೀಸಾಗಿ ನಡೆಯುತ್ತಿತ್ತು.

ಭಾವ ಸೀಟಿ ಊದುವವರೆಗೆ.

ಒಂದು ಬೆಳಗ್ಗೆ ಇನ್ನೂ ಮಂಜು ಬಿಟ್ಟಿರಲಿಲ್ಲ. ಸೀಟಿ ಊದಿ ಹದಿನೈದೂ ಜನರನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದರು. ಹಿಂದಿಯಲ್ಲಿ ಎಣಿಕೆ ಹಾಕಿಸಿದರು. ಆಮೇಲೆ ಮೈ ಬಿಸಿಯಾಗಲಿ ಅಂತ ಕೈ ಮೇಲೆ ಕೆಳಗೆ ಮಾಡಿಸಿದರು. ಅಕ್ಕ ಹಾಲು ಕರೆದು ಹಟ್ಟಿಯಿಂದ ಬರುತ್ತಾಳೆ, ಅವಳ ಪಿಕ್ಕಿಂಗಿನವರು ಕುಕ್ಕೆ ಕೆಳಗಿಟ್ಟು ಆಕಾಶಕ್ಕೆ ಕೈ ಎತ್ತಿ ನಿಂತಿದ್ದಾರೆ.

"ಇದೆಂತ? ಇವರನ್ನು ಹಿಡಿದು ಕೊಟ್ಟವರು ಯಾರು?" ಅಂದಳು.

"ಡಿಸಿಪ್ಲಿನ್, ನೀಲ. ಒಂದು ವಾರ ನೋಡು, ಕೆಲಸ ಹೇಗೆ ಏಳುತ್ತದೆ ಅಂತ."

"ನನ್ನ ಹಣ್ಣು ಉದುರುತ್ತಿದೆ, ನಿಮ್ಮ ಡಿಸಿಪ್ಲಿನ್ ಹೆಕ್ಕುತ್ತದಾ? ಸೀಟಿ ಕೊಡಿ ಇಲ್ಲಿ. ಇನ್ನು ಪಿಕ್ಕಿಂಗ್ ಮುಗಿಯುವವರೆಗೆ ನೀವು ಆಳುಗಳ ಹತ್ತಿರ ಸುಳಿಯಬೇಡಿ."

ಆಳುಗಳ ಮುಂದೆಯೇ ಸೀಟಿ ಕಿತ್ತುಕೊಂಡಳು. ಹಾಲಿನ ತಂಬಿಗೆ ಒಂದು ಕೈಯಲ್ಲಿ, ಕ್ಯಾಪ್ಟನ್‌ನ ಸೀಟಿ ಇನ್ನೊಂದು ಕೈಯಲ್ಲಿ. ಒಳಗೆ ಹೋದಳು.

ಆ ಸಂಜೆ ಭಾವ ತೋಡು ದಾಟಿ ನನ್ನ ಮನೆಗೆ ಬಂದರು. ಮೈಸೂರಿನಲ್ಲಿ ಒಂದು ಟಯರ್ ಗೋಡೌನಿಗೆ ಸೆಕ್ಯುರಿಟಿ ಆಫೀಸರ್ ಬೇಕಂತೆ. ಅವರ ಜೊತೆ ಕೆಲಸ ಮಾಡಿದವರೊಬ್ಬರು ಕರೆಯುತ್ತಿದ್ದಾರೆ. ಉಳಿಯಲು ಕೋಣೆ ಕೊಡುತ್ತಾರೆ. ಭಾನುವಾರದೊಳಗೆ ಹೂಂ ಅಥವಾ ಇಲ್ಲ ಹೇಳಬೇಕು.

"ಹಣ ಬೇಕಾ ಭಾವ?"

"ಪೆನ್ಶನ್ ಸಾಕಾಗಿ ಮಿಕ್ಕುತ್ತದೆ." ತೋಡಿನಾಚೆ ತಮ್ಮ ಮನೆಯ ದೀಪದ ಕಡೆ ನೋಡಿದರು. "ಮೂವತ್ತು ವರ್ಷ ಮನೆಗೆ ಬರುವುದಕ್ಕೆ ಕಾದೆ, ದೇರಪ್ಪ. ಬಂದು ನೋಡಿದರೆ ಇಲ್ಲಿ ಪೋಸ್ಟ್ ಖಾಲಿ ಇಲ್ಲ. ಅವಳು ಎಲ್ಲವನ್ನೂ ಸರಿಯಾಗಿ ನಡೆಸುತ್ತಾಳೆ. ಎಲ್ಲಾದರೂ ಸ್ವಲ್ಪ ತಪ್ಪಿದ್ದರೆ ನಾನು ಹಿಡಿದುಕೊಳ್ಳುತ್ತಿದ್ದೆ."

ನನಗೆ ಅಕ್ಕನ ಪರವೂ ಸಿಟ್ಟು ಬಂತು, ಭಾವನ ಪರವೂ ಬಂತು. ಯಾರ ಮೇಲೆ ಅಂತ ಗೊತ್ತಾಗದೆ ನಾಯಿಗೆ ಬೈದೆ.

ಅದೇ ವಾರ ಮೊದಲ ಕೊಯ್ಲಿನ ಕಾಫಿ ಒಣಗಿ ಚೀಲಕ್ಕೆ ಬಿತ್ತು. ಆ ದಿನ ಆಳುಗಳಿಗೆ ಮಧ್ಯಾಹ್ನದ ಊಟ ಹಾಕುವುದು ಆ ಮನೆಯಲ್ಲಿ ಅಕ್ಕನ ಅತ್ತೆಯ ಕಾಲದಿಂದ ನಡೆದು ಬಂದದ್ದು. ಅಕ್ಕ ಬೆಳಗ್ಗೆಯೇ ಎದ್ದು ಕೋಳಿ ಸಾರು, ಅಕ್ಕಿ ರೊಟ್ಟಿ, ಅನ್ನ, ಪಾಯಸ ಮಾಡಿದ್ದಳು. ಅಂಗಳದಲ್ಲಿ ಬಾಳೆ ಎಲೆ ಹಾಕಿದರು. ಭಾವ ಆರ್ಡರಿನ ಪ್ರಕಾರ ಆಳುಗಳ ಹತ್ತಿರ ಸುಳಿಯದೆ ಹಿಂದಿನ ಕಣದಲ್ಲಿ ಕಾಫಿ ಕಾಯುತ್ತಿದ್ದರು. ಚೀಲ ಸಾಗಿಸಲು ಬಂದ ನಾನು ಸಾಲಿನ ಕೊನೆಯಲ್ಲಿ ಉಣ್ಣಲು ಕೂತೆ.

ಎಲ್ಲರೂ ಒಂದು ರೊಟ್ಟಿ ಮುಗಿಸಿದ್ದರು ಅಷ್ಟೇ. ಅಕ್ಕ ಎರಡನೇ ಸುತ್ತಿಗೆ ಬಂದಳು. ಅವಳಿಗೆ ಬಡಿಸುವುದೆಂದರೆ ಉಮೇದು. ಎಡಗೈಯಲ್ಲಿ ಪಾತ್ರೆ, ಬಲಗೈಯಲ್ಲಿ ಸೌಟು ಎತ್ತಿ ಹಿಡಿದು, ನಿರಂಜನ್ ಎದುರು ನಿಂತು ದೊಡ್ಡ ಗಂಟಲಲ್ಲಿ, "ಉಟ್ಟು! ಉಟ್ಟು! ಇನ್ನೂ ಉಟ್ಟು!" ಅಂದಳು. ನಮ್ಮ ಮನೆಮಾತು ಅರೆಭಾಷೆ. ಅದರಲ್ಲಿ ಉಟ್ಟು ಅಂದರೆ ಇದೆ ಅಂತ. ಸಾರು ಇದೆ, ಬೇಕಾದಷ್ಟಿದೆ, ನಾಚಿಕೊಳ್ಳಬೇಡಿ ಅನ್ನುವುದು ಅವಳ ಅರ್ಥ.

ನಿರಂಜನ್ ಅವಳ ಮುಖ ನೋಡಿದ. ಸೌಟು ನೋಡಿದ. ಎದ್ದು ನಿಂತ. ಅವನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ಅವನು ಕೈ ಮುಗಿದು, "ಠೀಕ್ ಹೈ, ಮೇಡಮ್" ಅಂದ. ಕೈ ತೊಳೆದುಕೊಂಡು ಲೈನಿನ ಕಡೆ ನಡೆದರು.

"ಎಷ್ಟು ಕಮ್ಮಿ ಉಣ್ಣುತ್ತಾರೆ ಪಾಪ" ಅಂದಳು ಅಕ್ಕ. "ಆ ಕಡೆಯವರ ಹೊಟ್ಟೆಯೇ ಅಷ್ಟಿರಬೇಕು" ಅಂದೆ ನಾನು, ಅವರ ಪಾಲಿನ ಕೋಳಿಯನ್ನು ನನ್ನ ಎಲೆಗೆ ಹಾಕಿಸಿಕೊಳ್ಳುತ್ತಾ.

ಮರುದಿನ ಲೈನ್‌ಮನೆ ಖಾಲಿ. ಗುಡಿಸಿ, ಕುಕ್ಕೆಗಳನ್ನು ಒಂದರೊಳಗೊಂದು ಇಟ್ಟು, ಬಾಗಿಲು ಎಳೆದು ಹೋಗಿದ್ದರು.

ರೊಬಸ್ಟಾ ಕಾಫಿ ಹಣ್ಣಾಗಿ ಗಿಡ ಕೆಂಪಗೆ ಬಾಗಿತ್ತು. ಆಕಾಶದಲ್ಲಿ ಬರಬಾರದ ಮೋಡ ಬೇರೆ. ಮಳೆ ಬಿದ್ದರೆ ಹಣ್ಣು ನೆಲಕ್ಕೆ, ಹೆಕ್ಕಿ ಮುಗಿಯುವಂಥದ್ದಲ್ಲ. ಎಲ್ಲ ತೋಟದಲ್ಲೂ ಪಿಕ್ಕಿಂಗ್, ಬೇರೆ ಆಳು ಎಲ್ಲಿಂದ ತರುವುದು? ಅಕ್ಕ ಬಾಗಿಲ ಮೆಟ್ಟಿಲಲ್ಲಿ ಕೂತಳು. ಅವಳು ಹಗಲು ಹೊತ್ತು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನಿಮ್ಮ ಸೀಟಿಯಿಂದಲೇ" ಅಂದಳು ಭಾವನಿಗೆ.

ಮಿಕ್ಕದ್ದನ್ನು ನಾನು ಹೇಳಿದೆ. ನನ್ನ ಬಾಯಿ ಹಾಗೇ, ಬಿಟ್ಟರೆ ನಿಲ್ಲುವುದಿಲ್ಲ. ಇದೇನು ನಿಮ್ಮ ರೆಜಿಮೆಂಟಾ, ದುಡಿಯಲು ಬಂದವರನ್ನು ಸಾಲು ನಿಲ್ಲಿಸಿದರೆ ಯಾವನು ಇರುತ್ತಾನೆ, ಸುಣ್ಣ ಬಳಿಯುವುದು ಮುಗಿದ ಮೇಲೆ ನಮ್ಮ ಮುಖಕ್ಕೂ ಬಳಿಯಬೇಕಾ ಅಂತ. ಮೋಕ್ಷಿತಾ ಕಾಲೇಜಿಗೆ ಹೊರಟವಳು ಗೇಟಿನಲ್ಲಿ ನಿಂತು, "ಸಾಕು ಮಾವ" ಅಂದಳು. ಮೈಸೂರಿನ ಸುದ್ದಿಯನ್ನು ನನ್ನ ಬಾಯಿ ಆಗಲೇ ಆ ಮನೆಗೆ ಮುಟ್ಟಿಸಿತ್ತು. ಅಪ್ಪನ ಕಡೆ ತಿರುಗಿ, "ನೀವೂ ಹೋಗಬೇಡಿ ಅಪ್ಪ. ನೀವಿದ್ದರೆ ಮನೆಯಲ್ಲಿ ನಗುವುದಕ್ಕಾದರೂ ಏನಾದರೂ ಇರುತ್ತದೆ" ಅಂದಳು. ಹೊಗಳಿದಳೋ ತೆಗಳಿದಳೋ ಭಾವನಿಗೂ ಗೊತ್ತಾಗಲಿಲ್ಲ.

ಭಾವ ಅಂಗಿ ಹಾಕಿಕೊಂಡು ಬಂದು ಜೀಪಿನಲ್ಲಿ ಕೂತರು. "ನಡಿ. ನನ್ನಿಂದ ಹೋದವರನ್ನು ನಾನೇ ಕರೆಯುತ್ತೇನೆ. ಬರದಿದ್ದರೆ ಹಾಗೇ ಮೈಸೂರು ಬಸ್ಸಿಗೆ ಬಿಡು."

"ಟ್ರಂಕು?"

"ಆಮೇಲೆ ಕಳಿಸು. ಈಗ ಅದನ್ನು ಎತ್ತಿದರೆ ಅವಳು ನೋಡುತ್ತಾಳೆ."

ಹುಡುಕುವುದು ಕಷ್ಟವಾಗಲಿಲ್ಲ. ಚೇರಂಬಾಣೆ ಪೇಟೆಯಲ್ಲಿ ಮೊಬೈಲ್ ಅಂಗಡಿಯ ಪಕ್ಕದ ಮೋರಿ ಕಟ್ಟೆಯ ಮೇಲೆ ಗಂಟುಮೂಟೆ ಇಟ್ಟುಕೊಂಡು ಕೂತಿದ್ದರು. ನಾಪೋಕ್ಲು ಕಡೆಯ ಒಂದು ಎಸ್ಟೇಟಿನ ಗಾಡಿ ಬಂದು ಕರೆದುಕೊಂಡು ಹೋಗುತ್ತದಂತೆ. ಭಾವ ಇಳಿದು ನಿರಂಜನ್ ಎದುರು ನಿಂತರು. ಹಿಂದಿಯಲ್ಲಿ ಮಾತಾಡಿದರು. ನನಗೆ ಹಿಂದಿ ಅರ್ಧಂಬರ್ಧ, ಆದರೂ ಇಷ್ಟು ತಿಳಿಯಿತು: ಸೀಟಿ ಊದಿದ್ದು ನನ್ನ ತಪ್ಪು, ಇನ್ನು ಊದುವುದಿಲ್ಲ, ವಾಪಸು ಬನ್ನಿ.

ನಿರಂಜನ್ ತಲೆ ಅಲ್ಲಾಡಿಸಿದ. "ಸೀಟಿ ಕಾ ಬಾತ್ ನಹೀಂ, ಸಾಬ್." ಸೀಟಿ ಅವರಿಗೆ ತಮಾಷೆಯೇ ಆಗಿತ್ತಂತೆ, ಚಳಿಗೂ ಒಳ್ಳೆಯದಾಯಿತಂತೆ. ಆಮೇಲೆ ಅವನ ಧ್ವನಿ ತಗ್ಗಿತು. "ಮೇಡಮ್ ನೇ ಖಾನಾ ದಿಯಾ. ಫಿರ್ ಬೋಲಾ, ಉಠೋ. ತೀನ್ ಬಾರ್ ಬೋಲಾ. ಉಠೋ, ಉಠೋ, ಉಠೋ." ಊಟ ಕೊಟ್ಟು ಏಳಿ ಅಂದರಂತೆ, ಮೂರು ಸಲ. ಸೌಟು ಎತ್ತಿ ಹಿಡಿದದ್ದನ್ನೂ ಕೈಯಲ್ಲಿ ತೋರಿಸಿದ. "ಕೂಲಿ ಕಮ್ಮಿ ಕೊಟ್ಟರೂ ಇರುತ್ತೇವೆ ಸಾಬ್. ಎಲೆ ಮುಂದಿಂದ ಎಬ್ಬಿಸಿದರೆ ಹೇಗೆ ಇರುವುದು?" ಅನ್ನುವ ಹಾಗೆ ಏನೋ ಹೇಳಿದ. ಹಿಂದೆ ಒಬ್ಬ ಹೆಂಗಸು ಮುಖ ತಿರುಗಿಸಿಕೊಂಡಳು.

ಭಾವ ಅವನನ್ನೇ ನೋಡಿದರು. "ಉಠೋ" ಅಂದರು ಮೆಲ್ಲಗೆ. ಆಮೇಲೆ "ಉಟ್ಟು" ಅಂದರು. ಮತ್ತೊಮ್ಮೆ ಎರಡನ್ನೂ ಅಂದರು. ಮೋರಿ ಕಟ್ಟೆಯ ಮೇಲೆ ಕುಸಿದು ಕೂತು ನಗಲು ಶುರುಮಾಡಿದರು. ಕಣ್ಣಲ್ಲಿ ನೀರು ಬರುವಷ್ಟು ನಗು. ನಿರಂಜನ್‌ಗೆ ಸಿಟ್ಟು ಬಂದದ್ದು ಕಾಣುತ್ತಿತ್ತು. ನನಗೂ ಬಂತು. ಹಣ್ಣು ಉದುರುತ್ತಿದೆ, ಈ ಮನುಷ್ಯ ರಸ್ತೆ ಬದಿ ಕೂತು ನಗುತ್ತಾನಲ್ಲ ಅಂತ.

"ಎಂತ ಭಾವ ಇದು?"

"ತಡಿ, ಮೊದಲು ಇವರಿಗೆ ಹೇಳುತ್ತೇನೆ." ನಿರಂಜನ್‌ನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು. ಆವತ್ತು ಅವರು ಹೇಳಿದ್ದನ್ನು ಜೀಪಿನಲ್ಲಿ ನನಗೆ ಮತ್ತೆ ಬಿಡಿಸಿ ಹೇಳಿದ ಕಾರಣ ಇಲ್ಲಿ ಸರಿಯಾಗಿ ಬರೆಯುತ್ತಿದ್ದೇನೆ.

ಅವರು ಸೇನೆಗೆ ಸೇರಿದಾಗ ಹತ್ತೊಂಬತ್ತು ವರ್ಷ. ಹಿಂದಿ ಒಂದಕ್ಷರ ಬಾರದು. ಟ್ರೈನಿಂಗ್ ಸೆಂಟರಿನಲ್ಲಿ ಮೊದಲ ರಾತ್ರಿ ಮನೆ ನೆನಪಾಗಿ ಕಂಬಳಿಯೊಳಗೆ ಅತ್ತರಂತೆ. ಬೆಳಗ್ಗೆ ಇನ್ನೂ ಕತ್ತಲು. ಡ್ರಿಲ್ ಕಲಿಸುವ ಉಸ್ತಾದ್ ಬಂದು ಬಾಗಿಲಲ್ಲಿ ನಿಂತು, "ಉಠೋ! ಉಠೋ!" ಅಂತ ಕಿರುಚಿದ. ಈ ಹುಡುಗನಿಗೆ ಕೇಳಿದ್ದು ಉಟ್ಟು, ಉಟ್ಟು. ಅಯ್ಯೋ ದೇವರೇ, ಇಷ್ಟು ದೂರದಲ್ಲಿ ನಮ್ಮ ಭಾಷೆಯವನೊಬ್ಬ ಇದ್ದಾನಲ್ಲ ಅಂತ ಜೀವ ಬಂದ ಹಾಗಾಯಿತು. ಏನೋ ಇದೆ ಅನ್ನುತ್ತಿದ್ದಾನೆ. ಬೆಳಗ್ಗೆ ಇನ್ನೇನಿರುತ್ತದೆ, ಕಾಫಿ. ಮಲಗಿದಲ್ಲಿಂದಲೇ ಮಗ್ಗು ಚಾಚಿ, "ಒಂಚೂರು ಬೆಲ್ಲ ಜಾಸ್ತಿ ಅಣ್ಣ" ಅಂದರು.

ಉಸ್ತಾದ್ ಕಾಫಿ ಕೊಡಲಿಲ್ಲ. ಮಗ್ಗು ಹಿಡಿಸಿಯೇ ಮೈದಾನದ ಸುತ್ತ ಉರುಳಿಸಿದ. ಉರುಳುವಾಗಲೂ "ಉಠೋ" ಅಂದರೆ ಈ ಪುಣ್ಯಾತ್ಮ, ಇನ್ನೂ ಇದೆ ಅನ್ನುತ್ತಿದ್ದಾನೆ, ಉರುಳುವುದು ಇನ್ನೂ ಇದೆ ಅಂತ ತಿಳಿದು, ಎದ್ದೇಳದೆ ಉರುಳುತ್ತಲೇ ಇದ್ದರಂತೆ. ಕೊನೆಗೆ ಉಸ್ತಾದನೇ ಹೆದರಿ ಡಾಕ್ಟರನ್ನು ಕರೆಸಿದ.

ಮೋರಿ ಕಟ್ಟೆಯ ಮೇಲೆ ಕ್ಯಾಪ್ಟನ್ ಸಾಹೇಬರು ಖಾಲಿ ಟೀ ಲೋಟ ಚಾಚಿ ಆಕ್ಟಿಂಗ್ ಮಾಡಿ ತೋರಿಸಿದರು. ಮುಖ ತಿರುಗಿಸಿದ್ದ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡಳು. ನಿರಂಜನ್ ಮೊದಲು ನಗಲಿಲ್ಲ. "ಮೇಡಮ್ ಹೇಳಿದ್ದು 'ಹೈ', ಇದೆ, ಅಂತಲಾ?" ಅಂತ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ಆಮೇಲೆ ತನ್ನವರಿಗೆ ಅವರ ಭಾಷೆಯಲ್ಲಿ ಏನೋ ಹೇಳಿದ. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಒಬ್ಬ ನನ್ನ ಕಡೆ ಬೆರಳು ಮಾಡಿದ.

"ಏನಂತೆ?"

"ನಾವು ಎದ್ದರೂ ಇವನೊಬ್ಬ ಏಳಲಿಲ್ಲ, ನಮ್ಮ ಕೋಳಿಯನ್ನೂ ತಿಂದ ಅನ್ನುತ್ತಿದ್ದಾರೆ" ಅಂದರು ಭಾವ.

ನಾನು ಗಂಟುಮೂಟೆ ಜೀಪಿಗೆ ಹಾಕತೊಡಗಿದೆ. ಎರಡು ಟ್ರಿಪ್ ಆಯಿತು.

ಹೋಗುವ ದಾರಿಯಲ್ಲಿ ನಾನು ಹೇಳಿದೆ: "ಭಾವ, ಈಗ ಅಕ್ಕನಿಗೆ ಸರಿಯಾಗಿ ಹೇಳಿ. ಓಡಿಸಿದ್ದು ಅವಳು, ತಂದದ್ದು ನೀವು. ಸೀಟಿ ವಾಪಸು ಕೇಳಿ, ಇನ್ನು ಬೋರ್ಡಿನ ಹೆಸರೇ ಅಂತ ಹೇಳಿ. ಇಂಥ ಅವಕಾಶ ಮತ್ತೆ ಸಿಗುವುದಿಲ್ಲ."

"ಮದುವೆಯಾಗಿ ಎಷ್ಟು ವರ್ಷವಾಯಿತು ನಿನಗೆ?" ಅಂತ ಕೇಳಿದರು. ಅಷ್ಟೇ.

ಆದರೆ ಹೇಳದೆ ಮುಚ್ಚಿಡುವುದಕ್ಕಾಗಲಿಲ್ಲ. ಅಕ್ಕ ಲೈನಿನವರೆಗೆ ಬಂದು ನಿಂತಿದ್ದಳು. ನಿರಂಜನ್ ನೇರ ಅವಳ ಹತ್ತಿರ ಹೋಗಿ, ಕೈ ಎತ್ತಿ, ನಗುತ್ತಾ, "ಮೇಡಮ್, ಉಟ್ಟು?" ಅಂದ. ಅವಳು ಬೆಪ್ಪಾಗಿ ಭಾವನ ಮುಖ ನೋಡಿದಳು. ಭಾವ ಹೇಳಬೇಕಾಯಿತು. ಮಗ್ಗಿನ ಕಥೆಯನ್ನೂ ಹೇಳಿದರು. ಇಷ್ಟು ವರ್ಷ ಹೆಂಡತಿ ಮಗಳಿಗೆ ಹೇಳದ ಕಥೆ ಅದು. ಅವರಿಗೆ ಹೇಳುತ್ತಿದ್ದದ್ದೆಲ್ಲ ಹಿಮಪಾತ, ಹೆಲಿಕಾಪ್ಟರ್.

ಅಕ್ಕ ನಗಲಿಲ್ಲ. ಎರಡೂ ಕೆನ್ನೆಗೆ ಕೈಯಿಟ್ಟುಕೊಂಡಳು. "ಉಣ್ಣುವವರನ್ನು ಎಬ್ಬಿಸಿದೆನಾ ನಾನು?" ಅಂದಳು. ಪೇಟೆಯಲ್ಲಿ ಮುಖ ತಿರುಗಿಸಿದ್ದ ಆ ಹೆಂಗಸಿನ ಕೈ ಹಿಡಿದು ಏನೇನೋ ಹೇಳಿದಳು. ಅವಳಿಗೆ ಅರ್ಥವಾಗಲಿಲ್ಲ, ಆದರೆ ಕೈ ಬಿಡಿಸಿಕೊಳ್ಳಲಿಲ್ಲ. ಆಮೇಲೆ ಅಕ್ಕ ಗಂಡನ ಕಡೆ ತಿರುಗಿದಳು. "ನೀವು ಆವತ್ತು ಎಲ್ಲಿ ಸತ್ತಿದ್ದಿರಿ? ಅಂಗಳದಲ್ಲಿ ಇದ್ದಿದ್ದರೆ ಇಷ್ಟೆಲ್ಲ ಆಗುತ್ತಿತ್ತಾ?"

"ನೀನೇ ಅಲ್ಲವಾ ಸುಳಿಯಬೇಡಿ ಅಂದದ್ದು."

"ನಾನು ಹೇಳಿದ್ದನ್ನೆಲ್ಲ ಕೇಳುವವರಾ ನೀವು? ಸುಣ್ಣ ಬಳಿಯಬೇಡಿ ಅಂದೆ, ಕೇಳಿದಿರಾ?"

ಇದಕ್ಕೆ ಮಿಲಿಟರಿಯಲ್ಲಿ ಉತ್ತರ ಹೇಳಿಕೊಡುವುದಿಲ್ಲ ಅಂತ ಕಾಣುತ್ತದೆ. ಭಾವ ಅವರ ಗಂಟುಮೂಟೆ ಇಳಿಸತೊಡಗಿದರು.

ಭಾನುವಾರ ಮತ್ತೆ ಊಟ ಹಾಕಿದಳು, ಈ ಸಲ ಹಂದಿ. ಅವಳು ಬಡಿಸಲಿಲ್ಲ. ಸೌಟು ಭಾವನ ಕೈಗೆ ಕೊಟ್ಟು, ಮೊದಲು ಅವರಿಗೆ ಆಗುತ್ತದಾ ಕೇಳಿ ಅಂದಳು. ಇಬ್ಬರಿಗೆ ಆಗುವುದಿಲ್ಲ ಅಂತ ತಿಳಿಯಿತು, ಅವರಿಗೆ ಮೊಟ್ಟೆ ಬೇಯಿಸಿದರು. ಭಾವ ಸಾಲಿನಲ್ಲಿ ಬಾಗಿ ಬಾಗಿ, "ಔರ್ ಲೋ, ಔರ್ ಲೋ" ಅಂತ ಇನ್ನಷ್ಟು ಬಡಿಸುವಾಗ ನಾನು ನೋಡಿದೆ, ಮೂವತ್ತು ವರ್ಷ ಅವರು ಮಾಡಿದ ಕೆಲಸವೂ ಅದೇ ಅಲ್ಲವಾ. ಎಲೆ ಖಾಲಿಯಾಗುವ ಮೊದಲೇ ಅವರಿಗೆ ಗೊತ್ತಾಗುತ್ತಿತ್ತು. ನಾನೂ ಎಲೆ ಮುಂದೆ ಮಾಡಿದೆ. "ನಿನಗೆ ಕೊನೆಗೆ" ಅಂದರು.

ಆಗಲೇ ಅವರ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಕೈಯಲ್ಲಿ ಸಾರು, ಹಾಗಾಗಿ ನನಗೆ ತೆಗೆಯಲು ಹೇಳಿದರು. ಮೈಸೂರಿನವರು. ಸ್ಪೀಕರಿಗೆ ಹಾಕಿದೆ. ಹೂಂ ಅಥವಾ ಇಲ್ಲ ಇವತ್ತೇ ಹೇಳಬೇಕು, ನಾಳೆಯಿಂದಲೇ ಡ್ಯೂಟಿ ಅಂತ ಆ ಕಡೆಯಿಂದ. ಭಾವ ಸೌಟು ಹಿಡಿದು ನಿಂತರು. ಅಕ್ಕನ ಕಡೆ ನೋಡಲಿಲ್ಲ. ಅಕ್ಕನೂ ಅವರ ಕಡೆ ನೋಡಲಿಲ್ಲ, ನೀರಿನ ಕೊಡಕ್ಕೆ ಬಗ್ಗಿದಳು. ಬಗ್ಗಿದಲ್ಲಿಂದಲೇ ಹೇಳಿದಳು:

"ದೇರಪ್ಪ, ಅವರಿಗೆ ಹೇಳು. ನಾಳೆ ಅಜ್ಜಿ ಜಾರಿದ ಬರೆಯಲ್ಲಿ ಪಿಕ್ಕಿಂಗ್. ಅಲ್ಲಿ ಜಾರುತ್ತದೆ ಅಂತ ಇವರಿಗೆಲ್ಲ ಹಿಂದಿಯಲ್ಲಿ ಹೇಳುವವರು ಬೇಕು. ನಿನ್ನ ಭಾವ ಬರುವುದಿಲ್ಲ."

"ಚಾರ್ಲಿ" ಅಂದರು ಭಾವ.

"ಅಜ್ಜಿ ಜಾರಿದ ಬರೆ" ಅಂದಳು ಅಕ್ಕ.

ಫೋನಿನಲ್ಲಿ ಆ ಮನುಷ್ಯ, "ಹಲೋ, ಏನಂದಿರಿ, ಬರುತ್ತೀರಾ?" ಅಂತ ಕೇಳುತ್ತಲೇ ಇದ್ದ. ಇಷ್ಟು ಹೇಳಿದ ಮೇಲೂ ಅರ್ಥವಾಗುವುದಿಲ್ಲವಾ ಇವನಿಗೆ ಅಂತ ನನಗೆ ಸಿಟ್ಟು ಬಂತು. ಬರುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಿ ಅಂದು ನಾನೇ ಕಟ್ ಮಾಡಿದೆ.